ಹೊಗಳಿ ಹೊರಗಿಟ್ಟ ತೀರ್ಪು

ಬೆಂಗಳೂರು ಜಲಮಂಡಳಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲಿ ಬರೆದ ತೀರ್ಪನ್ನು ಕೊಂಡಾಡದೆ ನಮ್ಮಲ್ಲಿ ಕಾರ್ಮಿಕ ಕಾನೂನಿನ ಉಪನ್ಯಾಸ ಮುಗಿಯುವುದಿಲ್ಲ. ಶಾಲೆ, ಆಸ್ಪತ್ರೆಗಳೂ ಉದ್ಯಮಗಳೇ ಎಂದು ಅದು ಸಾರಿದ್ದು ನಿಜ. ಆದರೆ ಶಾಲೆಯ ಮಟ್ಟಿಗೆ ಆ ಗೆಲುವು ಜವಾನ, ಗುಮಾಸ್ತ, ಬಸ್ ಡ್ರೈವರ್ ತನಕ ಬಂದು ನಿಂತಿತು. ಶಿಕ್ಷಕರನ್ನು ಅದರಿಂದ ಹೊರಗಿಟ್ಟದ್ದು 1988ರ ಸುಂದರಾಂಬಾಳ್ ತೀರ್ಪು. ಬರೆದವರು ನಮ್ಮ ಮಂಡ್ಯ ಸೀಮೆಯವರೇ ಆದ ನ್ಯಾ. ಇ.ಎಸ್. ವೆಂಕಟರಾಮಯ್ಯ. ನಿಷ್ಠುರವಾಗಿ ಓದಬೇಕಿದ್ದ ಇದನ್ನು ನಮ್ಮವರು ಭಕ್ತಿಯಿಂದ ಓದಿ ಮಡಚಿಟ್ಟಿದ್ದಾರೆ.

ಕೆಲಸ ಕಳೆದುಕೊಂಡ ಗೋವಾದ ಶಿಕ್ಷಕಿ ಸುಂದರಾಂಬಾಳ್ ಕೈಗಾರಿಕಾ ವಿವಾದ ಕಾಯ್ದೆಯ ಮೊರೆ ಹೋಗಿದ್ದರು. ದೈಹಿಕ, ಕುಶಲ, ತಾಂತ್ರಿಕ, ಗುಮಾಸ್ತಿಕೆ, ಮೇಲ್ವಿಚಾರಣೆ, ಹೀಗೆ ಕಾಯ್ದೆ ಪಟ್ಟಿಮಾಡಿದ ಕೆಲಸಗಳಲ್ಲಿ ಪಾಠ ಹೇಳುವುದು ಯಾವುದಕ್ಕೂ ಸೇರದು ಎಂದಿತು ಪೀಠ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಒಣ ಕಾನೂನು. ನಿಲ್ಲಿಸಲಿಲ್ಲ. ಶಿಕ್ಷಕರು ಮಕ್ಕಳ ನಡತೆ ತಿದ್ದುತ್ತಾರೆ, ವ್ಯಕ್ತಿತ್ವ ಕಟ್ಟುತ್ತಾರೆ, ಹೊಣೆಯರಿತ ಪ್ರಜೆಗಳನ್ನು ರೂಪಿಸುತ್ತಾರೆ ಎಂದಿತು. ಅವರು ಮಾಡುವ ಗುಮಾಸ್ತಿಕೆ ಏನಿದ್ದರೂ ಆನುಷಂಗಿಕ ಎಂದಿತು. ಈ ಎರಡು ಮಾತುಗಳನ್ನು ಅಕ್ಕಪಕ್ಕ ಇಟ್ಟಿರುವುದರಲ್ಲೇ ಚಮತ್ಕಾರ. ಮೊದಲನೆಯದು ಆರತಿ, ಅದರ ಬೆಳಕಿಗೆ ಕಣ್ಣು ಕೋರೈಸಿರುವಾಗಲೇ ಎರಡನೆಯದು ರಿಜಿಸ್ಟರನ್ನು ಮೆಲ್ಲಗೆ ಎತ್ತಿಟ್ಟುಬಿಡುತ್ತದೆ. ಹಾಜರಿ, ಬಿಸಿಯೂಟದ ಲೆಕ್ಕ, ವಿದ್ಯಾರ್ಥಿ ದಾಖಲೆಯ ಎಸ್‌ಎಟಿಎಸ್ ತಂತ್ರಾಂಶಕ್ಕೆ ಮಾಹಿತಿ ತುಂಬುವುದು, ಮತದಾರರ ಪಟ್ಟಿ, 2025ರ ಜಾತಿ ಸಮೀಕ್ಷೆ: ಇವತ್ತಿನ ಸರ್ಕಾರಿ ಮೇಷ್ಟ್ರ ದಿನದಲ್ಲಿ ಆನುಷಂಗಿಕವಾಗಿರುವುದು ಪಾಠವೇ. ಖಾಸಗಿ ಶಾಲೆಯ ಮಿಸ್‌ಗಳು ಬೇಸಿಗೆಯಲ್ಲಿ ಮನೆಮನೆ ತಿರುಗಿ ಅಡ್ಮಿಷನ್ ಹಿಡಿದು ತರುವುದು ಯಾವ ವ್ಯಕ್ತಿತ್ವ ನಿರ್ಮಾಣವೋ!

ಕಾಯ್ದೆಯ ಅಕ್ಷರ ಮೀರುವಂತಿರಲಿಲ್ಲ, ನ್ಯಾಯಮೂರ್ತಿಗಳ ಕೈ ಕಟ್ಟಿತ್ತು ಎನ್ನುವ ವಕೀಲ ಮಿತ್ರರಿದ್ದಾರೆ. ಇರಲಿ. ಅಕ್ಷರವೇ ಸಾಕಾಗಿದ್ದರೆ ಹೊಗಳಿಕೆ ಏಕೆ ಬೇಕಿತ್ತು? ಆಡಳಿತ ಮಂಡಳಿಗಳ ಶೋಷಣೆಯನ್ನು ಅದೇ ತೀರ್ಪು ಒಪ್ಪಿ, ಶಿಕ್ಷಕರಿಗೆ ತಕ್ಕ ವ್ಯವಸ್ಥೆ ಬೇಕೆಂದಿತಲ್ಲ ಎಂಬುದು ಅವರ ಇನ್ನೊಂದು ವಾದ. ನಮ್ಮಲ್ಲಿ ಅದು ಇದೆ: 1983ರ ಕರ್ನಾಟಕ ಶಿಕ್ಷಣ ಕಾಯ್ದೆಯ ಮೇಲ್ಮನವಿ ನ್ಯಾಯಮಂಡಳಿ. ವಜಾಗೊಂಡವರು ಒಬ್ಬೊಬ್ಬರೇ ಅಲ್ಲಿಗೆ ಹೋಗಬೇಕು. ಸಂಘವೊಂದು ಆಡಳಿತ ಮಂಡಳಿಯ ಎದುರು ಕೂತು ಸಂಬಳದ ಮಾತಾಡುವುದಕ್ಕೆ ಅಲ್ಲಿ ಜಾಗವಿಲ್ಲ. ಇದು ಸಣ್ಣ ಕೊರತೆ ಎನ್ನುತ್ತಾರೆ ಮಿತ್ರರು. ಕಲಾಪ ಬಹಿಷ್ಕರಿಸುವ ದಿನ ಅವರ ವಕೀಲರ ಸಂಘಕ್ಕೆ ಒಗ್ಗಟ್ಟಿನ ಬೆಲೆ ಚೆನ್ನಾಗಿಯೇ ಗೊತ್ತಿರುತ್ತದೆ.

ಸಂಘಗಳೇ ಸರ್ಕಾರಿ ಶಾಲೆ ಕೆಡಿಸಿದವು ಎನ್ನುವ ಅಂಕಣಕಾರರದು ಇನ್ನೊಂದು ರಾಗ. ವರ್ಗಾವಣೆಯ ಹೊತ್ತಿಗೆ ಮಾತ್ರ ಮೈಕೊಡವಿ ಏಳುವ ಸಂಘಗಳಿವೆ, ಒಪ್ಪಿದೆ. ವಿಧಾನ ಪರಿಷತ್ತಿನಲ್ಲಿ ಶಿಕ್ಷಕರ ಕ್ಷೇತ್ರಗಳು ಏಳಿದ್ದೂ ಅತಿಥಿ ಶಿಕ್ಷಕರ ಪಾಡು ನೆಟ್ಟಗಾಗಿಲ್ಲ. ಆದರೆ ಸಂಘ ಬೇರೂರಲಾಗದ ಅನುದಾನರಹಿತ ಶಾಲೆಗಳಲ್ಲಿ ಶಿಕ್ಷಕರ ಸ್ಥಿತಿ ಹೇಗಿದೆ ಎಂದು ಇವರು ಒಂದು ಅಂಕಣವನ್ನಾದರೂ ಬರೆಯಬೇಕಿತ್ತು.

ನರ್ಸ್‌ಗಳನ್ನು ನೋಡಿ. ಸೇವೆ, ತ್ಯಾಗ ಎಂಬ ಹೊಗಳಿಕೆ ಅವರಿಗೂ ಕಡಿಮೆಯಿಲ್ಲ. ಕಾನೂನು ಮಾತ್ರ ಅವರನ್ನು ಕೆಲಸಗಾರರೆಂದೇ ಎಣಿಸಿದೆ. ಕೇರಳದಲ್ಲಿ 2011ರಲ್ಲಿ ಹುಟ್ಟಿದ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಮುಷ್ಕರದ ಬೆದರಿಕೆ ಹಾಕಿಯೇ 2018ರಲ್ಲಿ 20,000 ರೂಪಾಯಿ ಕನಿಷ್ಠ ವೇತನದ ಅಧಿಸೂಚನೆಯನ್ನು ಸರ್ಕಾರದಿಂದ ಹೊರಡಿಸಿಕೊಂಡಿತು.

ಶಿಕ್ಷಕರು ಬರೀ ಗ್ರಾಚ್ಯುಟಿಗೇ ಸುತ್ತು ದಾರಿ ಹಿಡಿಯಬೇಕಾಯಿತು. ಅದನ್ನು ಕೇಳಿದ ಅಹಮದಾಬಾದಿನ ಖಾಸಗಿ ಪ್ರಾಥಮಿಕ ಶಿಕ್ಷಕರ ಸಂಘ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತಿತು. ತರ್ಕ ಹಳೆಯದೇ, ಪಾಠ ಮಾಡುವವರು ಗ್ರಾಚ್ಯುಟಿ ಕಾಯ್ದೆಯ ಯಾವ ಪಟ್ಟಿಗೂ ಸೇರುವುದಿಲ್ಲವೆಂದು. 2009ರಲ್ಲಿ ಸಂಸತ್ತು ಕಾಯ್ದೆಯನ್ನೇ ತಿದ್ದಿ, 1997ರ ಏಪ್ರಿಲ್ 3ರಿಂದ ಪೂರ್ವಾನ್ವಯಗೊಳಿಸಿತು. ಅದನ್ನು ಪ್ರಶ್ನಿಸಿದ್ದು ಖಾಸಗಿ ಶಾಲೆಗಳ ಒಕ್ಕೂಟ (ಅವರು ಸಂಘ ಕಟ್ಟಲು ವೃತ್ತಿಯ ಪಾವಿತ್ರ್ಯ ಅಡ್ಡಬಂದಿರಲಿಲ್ಲ). 2022ರಲ್ಲಿ ಸುಪ್ರೀಂ ಕೋರ್ಟ್ ತಿದ್ದುಪಡಿಯನ್ನು ಎತ್ತಿಹಿಡಿದು, ಬಾಕಿಯನ್ನು ಬಡ್ಡಿ ಸಮೇತ ಕೊಡಿ ಎಂದಿತು.