ಗಡಿಸೀಮೆಯ ಪೂರ್ವಿಕರು ಮತ್ತು ಮನೆತನದ ದಾಖಲೆಗಳು: ಅಮರ ಸುಳ್ಯದ ಹಿನ್ನೆಲೆಯಲ್ಲಿ ಒಂದು ವಿಮರ್ಶೆ

1

ಹಳೆಯ ಮನೆತನಗಳ ಕಾಗದಪತ್ರಗಳಲ್ಲಿ ಪೂರ್ವಿಕರನ್ನು ಹುಡುಕುವವರಿಗೆ ಮೊದಲು ಎದುರಾಗುವ ತೊಡಕು ಊರಿನ ಹೆಸರಿನದು. ಮನೆತನದ ಪುಸ್ತಕವೊಂದರಲ್ಲಿ ಮೂಲಪುರುಷನು 'ಸಿದ್ದಾಪುರದಿಂದ ಬಂದವನು' ಎಂದಷ್ಟೇ ಇದ್ದರೆ ಅದು ಯಾವ ಸಿದ್ದಾಪುರ? ಅಶೋಕನ ಶಾಸನದಿಂದ ಹೆಸರಾದ, 1892ರಲ್ಲಿ ಬಿ.ಎಲ್. ರೈಸ್ ಅವರ ಶೋಧದಿಂದ ವಿದ್ವಾಂಸರ ಗಮನಕ್ಕೆ ಬಂದ ಸಿದ್ದಾಪುರ ಚಿತ್ರದುರ್ಗ ಜಿಲ್ಲೆಯಲ್ಲಿದೆ. ಉತ್ತರ ಕನ್ನಡದಲ್ಲಿ ಆ ಹೆಸರಿನ ತಾಲ್ಲೂಕೇ ಇದೆ. ಕುಂದಾಪುರದ ಕಡೆ ಒಂದು, ಕೊಡಗಿನಲ್ಲಿ ಮತ್ತೊಂದು ಸಿದ್ದಾಪುರಗಳಿವೆ. ಬೆಂಗಳೂರಿನ ದಕ್ಷಿಣಕ್ಕೆ, ಲಾಲ್‌ಬಾಗಿನ ಮಗ್ಗುಲಲ್ಲಿ ಇರುವ ಸಿದ್ದಾಪುರ ಇನ್ನೊಂದು. 1948ರಲ್ಲಿ ಆರಂಭವಾದ ಜಯನಗರ ಬಡಾವಣೆ ಬೆಳೆದಂತೆ ಈ ಹಳೆಯ ಊರು ನಗರದೊಳಗೆ ಸೇರಿಹೋಯಿತು. ಆದರೂ ಲಾಲ್‌ಬಾಗಿನ ಒಂದು ದ್ವಾರಕ್ಕೆ ಅದರ ಹೆಸರು ಉಳಿದಿದೆ.

ಊರಿನ ಹೆಸರೊಂದು ಹೀಗೆ ಐದು ದಿಕ್ಕಿಗೆ ಕೈತೋರಿಸುವಾಗ, ದಾಖಲೆ ಇದೆ ಎಂದ ಮಾತ್ರಕ್ಕೆ ಪೂರ್ವಿಕನು ಸಿಕ್ಕಿದನೆಂದು ಹೇಳಲಾಗದು. ದಾಖಲೆಯನ್ನು ಬರೆದವರು ಯಾರು, ಯಾರ ಪ್ರಶ್ನೆಗೆ ಉತ್ತರವಾಗಿ ಬರೆದರು, ಯಾರ ಮನೆಯಲ್ಲಿ ಅದು ಉಳಿಯಿತು, ಯಾರ ಮನೆಯಲ್ಲಿ ಉಳಿಯಲಿಲ್ಲ ಎಂಬ ಪ್ರಶ್ನೆಗಳನ್ನು ಜೊತೆಯಲ್ಲೇ ಕೇಳಬೇಕಾಗುತ್ತದೆ. ಕರ್ನಾಟಕದ ಮಟ್ಟಿಗೆ ಈ ಪ್ರಶ್ನೆಗಳನ್ನು ಪರೀಕ್ಷಿಸಲು 1837ರಲ್ಲಿ ಕೊಡಗು ಮತ್ತು ದಕ್ಷಿಣ ಕನ್ನಡದ ನಡುವಿನ ಅಮರ ಸುಳ್ಯ ಸೀಮೆಯಲ್ಲಿ ನಡೆದ ಬಂಡಾಯವು ತಕ್ಕ ಉದಾಹರಣೆ. ಪ್ರಸ್ತುತ ಲೇಖನದಲ್ಲಿ ಆ ಬಂಡಾಯದ ಪೂರ್ವಿಕರನ್ನು ಕುರಿತ ಆಕರಗಳನ್ನೂ ಅವುಗಳ ಬಳಕೆಯ ಕ್ರಮವನ್ನೂ ವಿಮರ್ಶಿಸಲಾಗಿದೆ.

2

ಮನೆತನದ ದಾಖಲೆ ಎಂಬ ಮಾತಿನಲ್ಲಿ ಹಲವು ಬಗೆಯ ಬರವಣಿಗೆ ಅಡಕವಾಗಿದೆ. ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಬಟ್ಟೆಯ ಕಡತ, ಓಲೆಗರಿ, ಸನ್ನದು, ಕ್ರಯಪತ್ರ, ಲೆಕ್ಕದ ಪುಸ್ತಕ, ವಂಶಾವಳಿ ಇವೆಲ್ಲವೂ ಅದರಲ್ಲಿ ಸೇರುತ್ತವೆ. ಇವುಗಳಲ್ಲಿ ವಂಶಾವಳಿಯ ಸ್ಥಾನ ವಿಶಿಷ್ಟವಾದುದು. ಅದು ಹಿಂದಿನದನ್ನು ಹೇಳುವಂತೆ ತೋರಿದರೂ ಬರೆದ ಕಾಲದ ಅಗತ್ಯವೊಂದನ್ನು ಪೂರೈಸುತ್ತಿರುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ನಂತರ ಕಾಲಿನ್ ಮೆಕೆಂಜಿ ಕೈಗೊಂಡ ಮೈಸೂರು ಸೀಮೆಯ ಮೋಜಣಿಯ ಸಂದರ್ಭದಲ್ಲಿ ಸಂಗ್ರಹವಾದ ಕೈಫಿಯತ್ತುಗಳನ್ನು ಇಲ್ಲಿ ನೆನೆಯಬಹುದು. ಕಾವಲಿ ಸಹೋದರರು, ಮಲೆಯೂರಿನ ಜೈನ ಪಂಡಿತ ಧರ್ಮಯ್ಯ ಮೊದಲಾದ ಸಹಾಯಕರು ಊರೂರು ತಿರುಗಿ ಶಾನುಭೋಗರಿಂದಲೂ ಪಾಳೆಯಗಾರರ ವಂಶಸ್ಥರಿಂದಲೂ ವಿವರ ಪಡೆದರು. ಕನ್ನಡದ ಕೈಫಿಯತ್ತುಗಳು ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 1994ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾದ ಬಳಿಕ ಸಂಶೋಧಕರಿಗೆ ಸುಲಭವಾಗಿ ದೊರೆಯುವಂತಾದವು.

ಕೈಫಿಯತ್ತು ಎಂಬ ಪದಕ್ಕೆ ಸ್ಥಿತಿಗತಿಯ ವಿವರಣೆ, ಹೇಳಿಕೆ ಎಂಬ ಅರ್ಥಗಳಿವೆ. ಹೇಳಿಕೆಯೆಂದ ಮೇಲೆ ಕೇಳಿದವನೊಬ್ಬ ಇದ್ದೇ ಇರುತ್ತಾನೆ. ಅಧಿಕಾರ ಕಳೆದುಕೊಂಡಿದ್ದ ಪಾಳೆಯಗಾರನ ವಂಶಸ್ಥನು ಹೊಸ ಸರ್ಕಾರದ ನೌಕರನೆದುರು ತನ್ನ ಪೂರ್ವಿಕನನ್ನು ವರ್ಣಿಸುವಾಗ, ಮಾನ್ಯ ಉಂಬಳಿಗಳ ಹಕ್ಕಿನ ನಿರೀಕ್ಷೆ ಅವನ ಮಾತಿನ ಬೆನ್ನಿಗಿದ್ದುದು ಸಹಜ. ಹೀಗಾಗಿ ಪೂರ್ವಿಕನು ಕಾಡು ಕಡಿದು ಊರು ಕಟ್ಟಿದವನಾಗಿ, ದೊರೆಗೆ ನಿಷ್ಠನಾದ ಗಡಿಯ ಕಾವಲುಗಾರನಾಗಿ ಮೂಡಿಬರುತ್ತಾನೆ. ಇದನ್ನು ಸುಳ್ಳೆಂದು ತಳ್ಳಿಹಾಕುವುದು ಸರಿಯಲ್ಲ, ನಡೆದ ಸಂಗತಿಯೆಂದು ಹಾಗೆಯೇ ಒಪ್ಪುವುದೂ ಸರಿಯಲ್ಲ. ಅರಸರೂ ಈ ಬಗೆಯ ಬರವಣಿಗೆಯ ಬೆಲೆ ತಿಳಿದಿದ್ದರು. ಹಾಲೇರಿ ವಂಶದ ದೊಡ್ಡವೀರರಾಜೇಂದ್ರನು ಬರೆಯಿಸಿದ 'ರಾಜೇಂದ್ರನಾಮೆ' ತನ್ನ ಮನೆತನದ ಚರಿತ್ರೆಯನ್ನು ಕಂಪನಿ ಸರ್ಕಾರದೊಡನೆ ಇದ್ದ ಮೈತ್ರಿಯ ಬೆಳಕಿನಲ್ಲಿ ನಿರೂಪಿಸುತ್ತದೆ. ಅರಸನ ಗ್ರಂಥಕ್ಕೂ ಸಾಮಾನ್ಯ ಗೌಡನ ಮನೆಯ ವಂಶಾವಳಿಗೂ ಪ್ರಮಾಣದಲ್ಲಿ ವ್ಯತ್ಯಾಸವಿದೆ. ಉದ್ದೇಶದಲ್ಲಿ ಅಷ್ಟಾಗಿ ಇಲ್ಲ.

3

ಅಮರ ಸುಳ್ಯ ಸೀಮೆಯು ಘಟ್ಟದ ಕೆಳಗಿದ್ದರೂ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಕೊಡಗಿನ ಅರಸರ ಆಡಳಿತಕ್ಕೆ ಒಳಪಟ್ಟಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡ ಕಂಪನಿಯು ಈ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಆವರೆಗೆ ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕಟ್ಟಬೇಕಾಯಿತು. ಬೆಳೆದದ್ದನ್ನು ಮಾರಿ ಹಣ ಮಾಡಲು ಪೇಟೆಯ ವರ್ತಕರನ್ನೇ ಆಶ್ರಯಿಸಬೇಕಾದ ರೈತರಿಗೆ ಇದು ಹೊರೆಯಾಯಿತು. ಬಂಡಾಯದ ಮುಖ್ಯ ಕಾರಣಗಳಲ್ಲಿ ಇದೂ ಒಂದೆಂಬುದನ್ನು ಸರ್ಕಾರದ ಪಕ್ಷದಿಂದ ಬರೆದವರೂ ಮರೆಮಾಡಿಲ್ಲ.

1837ರ ಮಾರ್ಚ್ ಕೊನೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳುತನದಲ್ಲಿ ಸೇರಿದ ಜನರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಪುತ್ತೂರಿನ ಮಾರ್ಗವಾಗಿ ಏಪ್ರಿಲ್ 5ರಂದು ಮಂಗಳೂರನ್ನು ಸೇರಿದರು. ಕಂಪನಿಯ ಅಧಿಕಾರಿಗಳು ಸಮುದ್ರಮಾರ್ಗವಾಗಿ ಕಣ್ಣಾನೂರಿಗೆ ಹಿಂದೆಗೆದರು. ಸುಮಾರು ಎರಡು ವಾರಗಳ ಕಾಲ ನಗರವು ಬಂಡಾಯಗಾರರ ಕೈಯಲ್ಲಿತ್ತು. ಹೊರಗಿನಿಂದ ಸೈನ್ಯ ಬಂದ ಮೇಲೆ ಬಂಡಾಯ ಮುರಿದುಬಿತ್ತು. ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತಿದ್ದ ಪುಟ್ಟಬಸಪ್ಪನನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಸುಬೇದಾರ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು.

ಕೆದಂಬಾಡಿ, ಗುಡ್ಡೆಮನೆ ಎಂಬವು ವ್ಯಕ್ತಿಯ ಹೆಸರುಗಳಲ್ಲ, ಮನೆಗಳ ಹೆಸರುಗಳು. ಈ ಸೀಮೆಯಲ್ಲಿ ಪೂರ್ವಿಕನನ್ನು ಗುರುತಿಸುವ ಮೊದಲ ಸಾಧನ ಮನೆಯ ಹೆಸರೇ. ಅಪ್ಪಯ್ಯ, ರಾಮಯ್ಯ ಎಂಬ ಹೆಸರುಗಳು ಅಜ್ಜನಿಂದ ಮೊಮ್ಮಗನಿಗೆ ಬರುವುದರಿಂದ ಒಂದೇ ಮನೆಯಲ್ಲಿ ಒಂದೇ ಹೆಸರಿನವರು ಒಂದು ತಲೆಮಾರು ಬಿಟ್ಟು ಮತ್ತೆ ಕಾಣಿಸಿಕೊಳ್ಳುತ್ತಾರೆ. ಕಾಲಗಣನೆಯ ತೊಡಕೂ ಇದೆ. ಶಕವರ್ಷವಿಲ್ಲದೆ ಸಂವತ್ಸರವನ್ನಷ್ಟೇ ಹೇಳುವ ಕಾಗದದಲ್ಲಿ 'ಹೇವಿಳಂಬಿ' ಎಂದಿದ್ದರೆ ಅದು 1777, 1837, 1897 ಈ ಮೂರರಲ್ಲಿ ಯಾವ ವರ್ಷವೂ ಆಗಿರಬಹುದು. ಇನ್ನೂ ಸೂಕ್ಷ್ಮವಾದ ಸಂಗತಿಯೆಂದರೆ, 1837ರ ಬಂಡಾಯವು ಯುಗಾದಿಯ ಆಚೀಚೆ ನಡೆದುದರಿಂದ ಬೆಳ್ಳಾರೆಯ ಘಟನೆ ದುರ್ಮುಖಿಗೂ ಮಂಗಳೂರಿನ ಕೊನೆಯ ದಿನಗಳು ಹೇವಿಳಂಬಿಗೂ ಸೇರುತ್ತವೆ. ಕರಾವಳಿಯಲ್ಲಿ ರೂಢಿಯಲ್ಲಿರುವ ಸೌರಮಾನದ ಲೆಕ್ಕ ಹಿಡಿದರೆ ಈ ಗೆರೆ ಇನ್ನೂ ಕೆಲವು ದಿನ ಮುಂದೆ ಸರಿಯುತ್ತದೆ. ಇದನ್ನು ಗಮನಿಸದವರು ಒಂದೇ ಪ್ರಸಂಗವನ್ನು ಎರಡು ವರ್ಷಗಳ ಎರಡು ಗಲಭೆಗಳೆಂದು ಎಣಿಸುವ ಅಪಾಯವಿದೆ.

4

ಈ ಬಂಡಾಯದ ಆಕರಗಳನ್ನು ಮೂರು ನೆಲೆಗಳಲ್ಲಿ ಇಟ್ಟು ನೋಡಬಹುದು. ಮೊದಲನೆಯದು ವಸಾಹತುಶಾಹಿಯ ಬರವಣಿಗೆ. ಹರ್ಮನ್ ಮೋಗ್ಲಿಂಗ್ ಅವರ ಕೊಡಗಿನ ಕುರಿತಾದ ಗ್ರಂಥ 1855ರಲ್ಲಿಯೂ ರಿಕ್ಟರ್ ಅವರ ಕೈಪಿಡಿ 1870ರಲ್ಲಿಯೂ ಪ್ರಕಟವಾದವು. ಕನ್ನಡಕ್ಕೆ ಮೋಗ್ಲಿಂಗ್ ಸಲ್ಲಿಸಿದ ಸೇವೆ ನಿರ್ವಿವಾದವಾದುದು. ಘಟನೆ ನಡೆದು ಇಪ್ಪತ್ತು ವರ್ಷ ತುಂಬುವ ಮೊದಲೇ ಬರೆದುದರಿಂದ ಅವರ ನಿರೂಪಣೆಗೆ ವಿಶೇಷ ಬೆಲೆಯಿದೆ. ಆದರೆ ಅವರ ದೃಷ್ಟಿಯಲ್ಲಿ ಪುಟ್ಟಬಸಪ್ಪನು ವೇಷಧಾರಿ, ರೈತರು ಮೋಸಹೋದವರು. ಅಪರಂಪಾರನೆಂಬವನು 1834ರಲ್ಲಿ ಸೆರೆಯಾದ ಮೇಲೆ ಕಲ್ಯಾಣಸ್ವಾಮಿ, ಅವನೂ ಸೆರೆಯಾದ ಮೇಲೆ ಅದೇ ಹೆಸರಿನಲ್ಲಿ ಪುಟ್ಟಬಸಪ್ಪ ಹೀಗೆ ಒಬ್ಬನಾದ ಮೇಲೊಬ್ಬನು ಅರಸುಮನೆಯ ವಾರಸುದಾರನಾಗಿ ಕಾಣಿಸಿಕೊಂಡುದನ್ನು ಸರ್ಕಾರವು ವಂಚನೆಯೆಂದು ದಾಖಲಿಸಿತು. ಜಾನಪದದ ದೃಷ್ಟಿಯಿಂದ ನೋಡಿದರೆ ಕಳೆದುಹೋದ ಅರಸುಕುಮಾರನು ಮರಳಿ ಬರುವನೆಂಬುದು ಜನಸಮುದಾಯದ ಹಳೆಯ ನಂಬಿಕೆ. ಹೆಸರು ಒಂದು ಪಟ್ಟದಂತೆ. ಅದನ್ನು ಹೊತ್ತವನು ಬಿದ್ದಾಗ ಇನ್ನೊಬ್ಬನು ಹೊರುತ್ತಾನೆ. ಪೊಲೀಸ್ ದಾಖಲೆಗೆ ಅವನ ನಿಜನಾಮ ಬೇಕಿತ್ತು, ಅವನ ಹಿಂದೆ ನಡೆದವರಿಗೆ ಪಟ್ಟದ ಹೆಸರು ಸಾಕಿತ್ತು.

ಎರಡನೆಯದು ಮನೆಗಳಲ್ಲಿ ಉಳಿದ ವಸ್ತುಸಾಕ್ಷಿ. ಬಂಡಾಯವನ್ನು ಅಡಗಿಸಲು ನೆರವಾದವರಿಗೆ ಕಂಪನಿ ಸರ್ಕಾರವು ಚಿನ್ನ ಹಾಗೂ ಬೆಳ್ಳಿಯ ಪದಕಗಳನ್ನು ನೀಡಿತು. ಪದಕದ ಒಂದು ಮುಖದಲ್ಲಿ ಕತ್ತಿ ಎತ್ತಿ ನಿಂತ ಯೋಧನ ಚಿತ್ರವೂ, ಬಂಡಾಯದ ಸಮಯದಲ್ಲಿ ತೋರಿದ ನಿಷ್ಠೆಗಾಗಿ ಕೊಟ್ಟದ್ದೆಂಬ ಅರ್ಥದ ಕನ್ನಡ ಬರೆಹವೂ ಇವೆ. ಕಂಪನಿಯ ಪಕ್ಷದಲ್ಲಿ ನಿಂತವರ ಮನೆಗೆ ಹೀಗೆ ಕನ್ನಡದಲ್ಲಿಯೇ ಕೆತ್ತಿದ, ಲೋಹದ, ನಾಶವಾಗದ ದಾಖಲೆ ದೊರೆಯಿತು. ಅದು ಮೊಮ್ಮಕ್ಕಳ ಕೈಗೆ ಬರುವ ವಸ್ತು, ಸಂಗ್ರಹಾಲಯಕ್ಕೆ ಹೋಗುವ ವಸ್ತು. ಗಲ್ಲಿಗೇರಿದವರ ಮನೆಗೆ ಅಂಥದ್ದೇನೂ ದೊರೆಯಲಿಲ್ಲ. ಬಂಡಾಯದಲ್ಲಿ ಪಾಲ್ಗೊಂಡ ಪೂರ್ವಿಕನ ಕಾಗದವನ್ನು ಇಟ್ಟುಕೊಳ್ಳುವುದೇ ಅಪಾಯವಾಗಿದ್ದ ಕಾಲದಲ್ಲಿ ಕಾಗದ ಇಲ್ಲದಿರುವುದೂ ಒಂದು ಸಾಕ್ಷಿಯೇ ಆಗುತ್ತದೆ. ದಾಖಲೆಯಿರುವ ಮನೆಗೆ ಮಾತ್ರ ಚರಿತ್ರೆಯಿದೆ ಎಂದು ಭಾವಿಸುವ ಸಂಶೋಧನೆಯು ತನಗೆ ತಿಳಿಯದೆಯೇ 1837ರ ತೀರ್ಪನ್ನು ಮತ್ತೊಮ್ಮೆ ಜಾರಿಗೊಳಿಸಿದಂತಾಗುತ್ತದೆ.

ಮೂರನೆಯದು ನೆಲದಲ್ಲಿಯೂ ನಾಲಗೆಯಲ್ಲಿಯೂ ಉಳಿದ ನೆನಪು. ರಾಮಯ್ಯ ಗೌಡರ ಮಗನ ಮದುವೆಯ ನೆಪದಲ್ಲಿ ಜನರು ಉಬರಡ್ಕ ಮಿತ್ತೂರಿನಲ್ಲಿ ಸೇರಿದರೆಂಬ ಪ್ರತೀತಿಯಿದೆ. ಆ ಜಾಗವನ್ನು 'ಮದುವೆಗದ್ದೆ' ಎಂದು ಕರೆಯುತ್ತಾರೆ. ಕಾಗದವಿಲ್ಲದವರ ಪಾಲಿಗೆ ಗದ್ದೆಯ ಹೆಸರೇ ಕಡತ. ಐನ್‌ಮನೆಗಳಲ್ಲಿ ನಡೆಯುವ ಗುರುಕಾರಣರ ಆರಾಧನೆಯೂ ಇದೇ ಬಗೆಯದು. ಅಲ್ಲಿ ಪೂರ್ವಿಕನು ಇಸವಿಯೊಡನೆ ಬರುವುದಿಲ್ಲ, ಎಡೆಯೊಡನೆ ಬರುತ್ತಾನೆ. ಎಡೆ ಇಡುವ ಕ್ರಮ, ಅದನ್ನು ಇಡುವ ಹಕ್ಕು ಯಾರದೆಂಬ ನಿಯಮ ಇವುಗಳಲ್ಲಿ ಕವಲುಗಳ ಸಂಬಂಧ ಉಳಿದುಬಂದಿರುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನಷ್ಟು ಮುಖ್ಯ. ವಂಶಾವಳಿಯು ಗಂಡುಮಕ್ಕಳ ಸಾಲನ್ನಷ್ಟೇ ಹೇಳಿ ಸುಮ್ಮನಾಗುವಲ್ಲಿ, ಹೆಣ್ಣು ಕೊಟ್ಟು ತಂದ ಮನೆಗಳ ನಂಟನ್ನು ಹಿರಿಯ ಹೆಂಗಸರ ಮಾತಿನಿಂದಲೇ ತಿಳಿಯಬೇಕಾಗುತ್ತದೆ. ಬಂಡಾಯದಂಥ ಸಂದರ್ಭದಲ್ಲಿ ಯಾವ ಮನೆ ಯಾವ ಮನೆಯ ಬೆನ್ನಿಗೆ ನಿಂತಿತೆಂಬುದಕ್ಕೆ ಈ ನಂಟೇ ಕೀಲಿಕೈ.

5

ಮೌಖಿಕ ಪರಂಪರೆಯ ಬಗ್ಗೆ ಅತಿಯಾದ ಭಕ್ತಿಯೂ ಸಲ್ಲದು. ಕರಾವಳಿಯ ಜನರು ಈ ಪ್ರಸಂಗವನ್ನು 'ಕಲ್ಯಾಣಪ್ಪನ ಕಾಟಕಾಯಿ' ಎಂದು ಕರೆದರು. ಕಾಟಕಾಯಿ ಎಂಬುದರಲ್ಲಿ ಉಪದ್ರವ, ಗಲಭೆ ಎಂಬ ಛಾಯೆಯಿದೆ. ಪೇಟೆಯವರ ನೆನಪಿನಲ್ಲಿ ಉಳಿದದ್ದು ಸ್ವಾತಂತ್ರ್ಯದ ಸಂಭ್ರಮಕ್ಕಿಂತ ಅಂಗಡಿ ಮುಚ್ಚಿದ ದಿನಗಳ ಭಯವೂ ಆಗಿರಬಹುದು. ಸುಳ್ಯದ ಗದ್ದೆಯ ನೆನಪು ಮತ್ತು ಮಂಗಳೂರಿನ ಪೇಟೆಯ ನೆನಪು ಒಂದೇ ಅಲ್ಲ. ಎರಡನ್ನೂ 'ಜನಪದ' ಎಂಬ ಒಂದು ಪದದಲ್ಲಿ ಕಟ್ಟಿಹಾಕುವುದು ವಿಮರ್ಶೆಯ ಹೊಣೆಯಿಂದ ನುಣುಚಿಕೊಂಡಂತೆ.

ಇತ್ತೀಚಿನ ದಶಕಗಳ ಬರವಣಿಗೆಯಲ್ಲಿ ಈ ಬಂಡಾಯವನ್ನು 1857ಕ್ಕಿಂತ 20 ವರ್ಷ ಮೊದಲೇ ನಡೆದ ಸ್ವಾತಂತ್ರ್ಯ ಸಂಗ್ರಾಮವೆಂದು ಎತ್ತಿಹಿಡಿಯಲಾಗಿದೆ. 2022ರ ನವೆಂಬರ್‌ನಲ್ಲಿ ಮಂಗಳೂರಿನ ಬಾವುಟಗುಡ್ಡೆಯಲ್ಲಿ ರಾಮಯ್ಯ ಗೌಡರ ಪ್ರತಿಮೆಯ ಅನಾವರಣವೂ ಆಯಿತು. ಬಹುಕಾಲ ಮರೆವಿಗೆ ಸಂದ ಹೆಸರುಗಳು ಈ ಪ್ರಯತ್ನಗಳಿಂದ ಬೆಳಕಿಗೆ ಬಂದುದು ಸ್ವಾಗತಾರ್ಹ. ಆದರೆ 1857ನ್ನು ಅಳತೆಗೋಲಾಗಿ ಹಿಡಿದ ಕೂಡಲೇ ಕಂದಾಯ, ದವಸ, ಗಡಿ ಬದಲಾವಣೆ ಎಂಬ ಸ್ಥಳೀಯ ಕಾರಣಗಳು ಹಿಂದೆ ಸರಿಯುತ್ತವೆ. ಪೂರ್ವಿಕನು ಪ್ರತಿಮೆಯಾಗುವಾಗ ಅವನ ಸಿಟ್ಟಿನ ಕಾರಣ ಕಳೆದುಹೋಗಬಾರದು. ಈ ದೃಷ್ಟಿಯಿಂದ, ಸುಳ್ಯದ ಪರಿಸರದಲ್ಲಿ ಬೆಳೆದ ನಿರಂಜನರು ತಮ್ಮ 'ಕಲ್ಯಾಣಸ್ವಾಮಿ' ಕಾದಂಬರಿಗೆ ಇದೇ ವಸ್ತುವನ್ನು ಆಯ್ದುಕೊಂಡುದು ಗಮನಾರ್ಹ. ಸರ್ಕಾರಿ ದಾಖಲೆಯು ವೇಷಧಾರಿಯೆಂದು ಮುಗಿಸಿದ ಸಾಮಾನ್ಯ ರೈತನೊಬ್ಬನು ಅಲ್ಲಿ ಕಥೆಯ ಕೇಂದ್ರಕ್ಕೆ ಬರುತ್ತಾನೆ. ಕಾದಂಬರಿ ಚರಿತ್ರೆಯ ಆಕರವಾಗಲಾರದು. ಆದರೆ ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಅದು ಸೂಚಿಸಬಲ್ಲದು.

ಹಾಗಾದರೆ ಗಡಿಸೀಮೆಯ ಪೂರ್ವಿಕನನ್ನು ಹುಡುಕುವ ಕ್ರಮ ಯಾವುದು? ಮೊದಲು ಮನೆಯ ಹೆಸರು, ಆಮೇಲೆ ವ್ಯಕ್ತಿಯ ಹೆಸರು. ಸಂವತ್ಸರವನ್ನು ಇಸವಿಗೆ ಹೊಂದಿಸುವ ಮೊದಲು ಬೇರೊಂದು ದಾಖಲೆಯ ಆಧಾರ. ಲಿಂಗರಾಜನ ಕಾಲದ ಶಿಸ್ತಿನಂಥ ಕಂದಾಯದ ಲೆಕ್ಕವನ್ನು ವಂಶಾವಳಿಯ ಪಕ್ಕದಲ್ಲಿಟ್ಟು ಓದುವುದು. ಗೆದ್ದವರ ಕಾಗದದಲ್ಲಿ ಸೋತವರ ಹೆಸರನ್ನೂ, ಸೋತವರ ಆಚರಣೆಯಲ್ಲಿ ಕಾಗದ ಹೇಳದ ಸಂಬಂಧವನ್ನೂ ಹುಡುಕುವುದು. ಕೊನೆಗೆ, ಸಿಕ್ಕ ಪೂರ್ವಿಕನು ವೀರನಲ್ಲದಿದ್ದರೂ, ಕಂಪನಿಯ ಪದಕ ಪಡೆದವನೇ ಆಗಿದ್ದರೂ, ಅವನನ್ನು ಇದ್ದಂತೆ ಬರೆಯುವುದು. ಪದಕದ ಮನೆಗೂ ಗಲ್ಲಿನ ಮನೆಗೂ ನಡುವೆ ನಂಟಸ್ತಿಕೆ ಇದ್ದಿರುವ ಸಾಧ್ಯತೆಯನ್ನು ಬಿಟ್ಟುಕೊಟ್ಟು ಗಡಿಸೀಮೆಯ ಚರಿತ್ರೆಯನ್ನು ಬರೆಯಲಾಗದು.

ಈ ಕ್ರಮವು ಸುಳ್ಯಕ್ಕೆ ಮಾತ್ರ ಸೀಮಿತವಲ್ಲ. ಬೆಂಗಳೂರಿನ ಸಿದ್ದಾಪುರದ ಪಕ್ಕದ ಲಾಲ್‌ಬಾಗಿನ ಬಂಡೆಯ ಮೇಲೆ ಕೆಂಪೇಗೌಡರ ಗಡಿಗೋಪುರವೆಂದು ಹೆಸರಾದ ಮಂಟಪವಿದೆ. ಒಂದು ಕಾಲದಲ್ಲಿ ಅದು ಊರಿನ ಅಂಚಾಗಿತ್ತೆಂದು ಜನ ನಂಬುತ್ತಾರೆ. ನಾಡಪ್ರಭುಗಳ ಮನೆತನಕ್ಕೆ ಶಾಸನವಿದೆ, ವಂಶಾವಳಿಯಿದೆ, ಗೋಪುರವಿದೆ. ಅದೇ ಅಂಚಿನಲ್ಲಿ ತೋಟ ಮಾಡಿಕೊಂಡು ಬಂದ ತಿಗಳ ಸಮುದಾಯದ ಹಿರಿಯರಿಗೆ ಅಂಥ ಬರೆಹ ವಿರಳ. ಚೈತ್ರ ಪೌರ್ಣಮಿಯ ಕರಗದಲ್ಲಿ ಯಾರು ಯಾವ ಸೇವೆಗೆ ಹಕ್ಕುದಾರರೆಂಬ ಕಟ್ಟಳೆಯೇ ಅವರ ಕಡತ. ಸಿದ್ದಾಪುರ ಎಂಬ ಒಂದೇ ಪದ ಹಲವು ಊರುಗಳನ್ನು ಸೂಚಿಸುವಂತೆ, ಪೂರ್ವಿಕ ಎಂಬ ಪದವೂ ಬರೆಹದಲ್ಲಿ ಒಬ್ಬನನ್ನು, ಆಚರಣೆಯಲ್ಲಿ ಇನ್ನೊಬ್ಬನನ್ನು ತೋರಿಸುತ್ತದೆ. ಇಬ್ಬರನ್ನೂ ಎದುರುಬದುರು ನಿಲ್ಲಿಸಿ ವಿಚಾರಿಸುವ ಹೊಣೆ ಜಾನಪದ ಅಧ್ಯಯನದ ಮೇಲಿದೆ. ಹಿರಿಯರ ನೆನಪು ಮಾಸುವ ಮೊದಲೇ ಆ ಕೆಲಸ ನಡೆಯಬೇಕಾಗಿದೆ.