ಖಾಲಿ ಉಳಿದ 700 ಮೆಗಾಹರ್ಟ್ಸ್: ಹರಾಜಿನ ಲೆಕ್ಕದಲ್ಲಿ ಹಳ್ಳಿ ಎಲ್ಲಿ?

ತರಂಗಗುಚ್ಛದ ಹರಾಜು ನಡೆದಾಗಲೆಲ್ಲ ಬೊಕ್ಕಸಕ್ಕೆ ಎಷ್ಟು ಕೋಟಿ ಬಂತು ಎಂಬುದೇ ಸುದ್ದಿಯಾಗುತ್ತದೆ. ಆ ತರಂಗಗಳು ಎಷ್ಟು ಊರು ಮುಟ್ಟಿದವು ಎಂಬ ಪ್ರಶ್ನೆ ಹಿಂದೆ ಸರಿಯುತ್ತದೆ. 700 ಮೆಗಾಹರ್ಟ್ಸ್ ಬ್ಯಾಂಡಿನ ಹರಾಜನ್ನು ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಕಡೆಯಿಂದ ನೋಡಿದರೆ ಈ ಕೊರತೆ ಎದ್ದು ಕಾಣುತ್ತದೆ.

698ರಿಂದ 806 ಮೆಗಾಹರ್ಟ್ಸ್‌ವರೆಗಿನ ಆವೃತ್ತಿಗಳು ಅನೇಕ ದೇಶಗಳಲ್ಲಿ ಟಿ.ವಿ. ಪ್ರಸಾರಕ್ಕೆ ಮೀಸಲಾಗಿದ್ದವು. ಪ್ರಸಾರ ಡಿಜಿಟಲ್ ಆದ ಮೇಲೆ ಒಂದು ಚಾನೆಲ್ಲಿನ ಜಾಗದಲ್ಲಿ ಹಲವು ಚಾನೆಲ್‌ಗಳು ಹಿಡಿಸಿದವು. ಉಳಿದ ಜಾಗ ಮೊಬೈಲ್ ಸೇವೆಗೆ ದೊರೆಯಿತು.

ಈ ಬ್ಯಾಂಡಿಗೆ ಬೇಡಿಕೆ ಏಕೆ? 700 ಮೆಗಾಹರ್ಟ್ಸ್‌ನ ಅಲೆಯುದ್ದ ಸುಮಾರು 43 ಸೆಂ.ಮೀ.; 5ಜಿಗೆ ಬಳಸುವ 3,500 ಮೆಗಾಹರ್ಟ್ಸ್‌ನದು ಸುಮಾರು 8.6 ಸೆಂ.ಮೀ. ಬಯಲಿನಲ್ಲಿ, ಒಂದೇ ದೂರಕ್ಕೆ, ಸಮಾನ ಗೇನ್ ಉಳ್ಳ ಆಂಟೆನಾಗಳ ನಡುವೆ ಎರಡನೆಯದರ ನಷ್ಟ 25 ಪಟ್ಟು, ಅಂದರೆ 14 ಡೆಸಿಬೆಲ್ ಹೆಚ್ಚು. ಗುಡ್ಡ, ಮರ, ಗೋಡೆ ಅಡ್ಡ ಬಂದಾಗಲೂ ಉದ್ದನೆಯ ಅಲೆಗೇ ಅನುಕೂಲ. ಗೋಪುರದ ವ್ಯಾಪ್ತಿ ಇಮ್ಮಡಿಯಾದರೆ ಅದು ಆವರಿಸುವ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಗೋಪುರಗಳು ಕಾಲು ಭಾಗ ಸಾಕು. ಹಳ್ಳಿಗಳು ಚದುರಿರುವ ಹಾನಗಲ್ಲ, ಹಿರೇಕೆರೂರಿನಂಥ ಕಡೆ ಇದು ಸಣ್ಣ ಲಾಭವಲ್ಲ.

ಬೆಲೆ ಕಟ್ಟಿದವರಿಗೂ ಈ ಭೌತವಿಜ್ಞಾನ ಗೊತ್ತಿತ್ತು. 2016ರಲ್ಲಿ ಟ್ರಾಯ್ ಇದರ ಕನಿಷ್ಠ ಬೆಲೆಯನ್ನು 1,800 ಮೆಗಾಹರ್ಟ್ಸ್‌ನ ಬೆಲೆಯ ನಾಲ್ಕು ಪಟ್ಟು ಎಂದು ಶಿಫಾರಸು ಮಾಡಿತು. ಇಡೀ ದೇಶಕ್ಕೆ ಪ್ರತಿ ಮೆಗಾಹರ್ಟ್ಸ್‌ಗೆ 11,485 ಕೋಟಿ ರೂ. ಆ ವರ್ಷ ಯಾರೂ ಬಿಡ್ ಮಾಡಲಿಲ್ಲ. 2021ರಲ್ಲಿ ಬೆಲೆ ಇಳಿಸಿದರೂ ಅದೇ ಫಲ. 2022ರಲ್ಲಿ 3,927 ಕೋಟಿಗೆ ಇಳಿದ ಮೇಲೆ ಒಂದೇ ಕಂಪನಿ, ರಿಲಯನ್ಸ್ ಜಿಯೊ, 10 ಮೆಗಾಹರ್ಟ್ಸ್ ಕೊಂಡಿತು.

ಇಲ್ಲಿ ಭೌತವಿಜ್ಞಾನ ಸರಿ, ಅರ್ಥಶಾಸ್ತ್ರ ತಪ್ಪು. ದೂರ ಸಾಗುವ ಗುಣಕ್ಕೆ ಬೆಲೆ ಕಟ್ಟಲಾಯಿತು. ಆದರೆ ಆ ಗುಣ ಹೆಚ್ಚು ಬೇಕಾಗುವುದು ಗ್ರಾಹಕರು ವಿರಳವಾಗಿರುವ ಕಡೆ. ಅಲ್ಲಿ ಆ ಹಣ ಹುಟ್ಟುವುದಿಲ್ಲ. ತರಂಗಗುಚ್ಛ ದಾಸ್ತಾನು ಇಡುವ ಸರಕಲ್ಲ. ಬಳಸದೆ ಕಳೆದ ಆರು ವರ್ಷ ಮರಳಿ ಬರುವುದಿಲ್ಲ. ಟಿ.ವಿ. ಜಾಗ ಬಿಡಲಿಲ್ಲ ಎಂದು ದೂರುವಂತೆಯೂ ಇಲ್ಲ. ದೂರದರ್ಶನದ ಪ್ರೇಷಕಗಳು ಬಹುಪಾಲು ಇದಕ್ಕಿಂತ ಕೆಳಗಿನ ಆವೃತ್ತಿಗಳಲ್ಲಿದ್ದವು. ಆ ಅನಲಾಗ್ ಪ್ರೇಷಕಗಳನ್ನೂ ಆಯಕಟ್ಟಿನ ಕೆಲವು ಸ್ಥಳಗಳ ಹೊರತು 2022ರ ಮಾರ್ಚ್ ವೇಳೆಗೆ ನಿಲ್ಲಿಸುವ ಕಾರ್ಯಕ್ರಮವನ್ನು ಪ್ರಸಾರ ಭಾರತಿ ಹಾಕಿಕೊಂಡಿತು.

ಹರಾಜೇ ಬೇಡವೆಂದಲ್ಲ. ಹರಾಜಿಲ್ಲದ ಹಂಚಿಕೆಯ ಫಲವಾಗಿ 2012ರಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದುಪಡಿಸಿದ್ದನ್ನು ಮರೆಯಲಾಗದು. ತಪ್ಪಿರುವುದು ಹರಾಜಿನ ಅಳತೆಗೋಲಿನಲ್ಲಿ. ನಮ್ಮಲ್ಲಿ ಇಡೀ ಕರ್ನಾಟಕ ಒಂದೇ ಸೇವಾ ವಲಯ. ಬೆಂಗಳೂರಿಗೂ ಸವಣೂರಿಗೂ ಒಂದೇ ಬೆಲೆ. ಟಿ.ವಿ. ಕೇಂದ್ರಗಳಿಗೆ ಪರಿಹಾರ ಕೊಟ್ಟು 600 ಮೆಗಾಹರ್ಟ್ಸ್ ತೆರವು ಮಾಡಿಸಿದ ಅಮೆರಿಕ, 2017ರಲ್ಲಿ ಮುಗಿದ ಆ ಹರಾಜಿನಲ್ಲಿ ದೇಶವನ್ನು 416 ವಲಯಗಳಾಗಿ ವಿಂಗಡಿಸಿತ್ತು. ಸಣ್ಣ ವಲಯದಲ್ಲಿ ಸ್ಥಳೀಯ ಅಗತ್ಯಕ್ಕೆ ತಕ್ಕ ಬೆಲೆ ಮೂಡಲು ಅವಕಾಶವಿದೆ.

2022ರಲ್ಲಿ 600 ಮೆಗಾಹರ್ಟ್ಸ್ ಬ್ಯಾಂಡನ್ನೂ ಹರಾಜಿಗಿಡಲಾಯಿತು; ಬಿಡ್ ಬರಲಿಲ್ಲ. ಅದನ್ನು ಮುಂದೆ ಹಂಚುವಾಗ ಕನಿಷ್ಠ ಬೆಲೆ ತಗ್ಗಿಸಿ, ತಾಲ್ಲೂಕುವಾರು ವ್ಯಾಪ್ತಿಯ ಷರತ್ತನ್ನು ಬಿಗಿಗೊಳಿಸಬೇಕು. ಬಳಸದೆ ಇಟ್ಟುಕೊಂಡರೆ ಹಿಂಪಡೆಯಬೇಕು. ಬ್ಯಾಂಡು ಕಿರಿದಾದ್ದರಿಂದ ನಗರದ ವೇಗ ಇದರಿಂದ ಸಿಗದು, ನಿಜ. ಆದರೆ ಹೆದ್ದಾರಿಯಲ್ಲಿರುವ ಶಿಗ್ಗಾವಿಗೆ ಗೋಪುರ ಹಾಕಲು ಕಂಪನಿಗಳಿಗೆ ಕಾರಣ ಸಾಕಷ್ಟಿದೆ. ಒಳಹಳ್ಳಿಗೆ ಹಾಕಲು ಷರತ್ತೇ ಬೇಕು.

ಅಧ್ಯಾಪಕರು ವಿದ್ಯಾರ್ಥಿಗಳಿಂದ ಊರೂರಿನ ಮೊಬೈಲ್ ಸಂಕೇತದ ಬಲವನ್ನು ಡಿಬಿಎಂನಲ್ಲಿ ಅಳೆಸಿ ತಾಲ್ಲೂಕಿನ ನಕ್ಷೆ ಬರೆಸಬಹುದು. ಹರಾಜು ಗೆದ್ದಿತೋ ಸೋತಿತೋ ಎಂಬುದಕ್ಕೆ ಕೋಟಿಗಳ ಮೊತ್ತಕ್ಕಿಂತ ಆ ನಕ್ಷೆ ಉತ್ತಮ ಸಾಕ್ಷಿ.