ಹೊಯ್ಸಳ ಲಾಂಛನದ ಹುಲಿ

ಹೊಯ್ಸಳ ಲಾಂಛನದಲ್ಲಿ ಸಳನು ಇರಿಯುವ ಮೃಗವು ಹುಲಿಯೋ ಸಿಂಹವೋ ಎಂಬ ವಿವಾದ ಹಳೆಯದು. ಸೊಸೆವೂರಿನಲ್ಲಿ, ಎಂದರೆ ಮೂಡಿಗೆರೆ ತಾಲ್ಲೂಕಿನ ಅಂಗಡಿಯಲ್ಲಿ, ಜೈನಮುನಿಯು 'ಪೊಯ್ ಸಳ' ಎಂದು ಕೂಗಿದ ಕಥೆಯನ್ನು ಅರಿಯದವರಿಲ್ಲ; ಆ ಕಥೆಯ ಮೃಗ ಹುಲಿ. ಆದರೆ 1117ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವಾಲಯದ ದ್ವಾರದೆಡೆಯಲ್ಲಿ ನಾವು ಕಾಣುವುದು ಸುರುಳಿಗೇಸರವನ್ನು ಹೊತ್ತು, ಮುಂಗಾಲೆತ್ತಿ, ವೀರನಿಗೆ ಎದುರಾಗಿ ನಿಂತ ಮೃಗವನ್ನು. ಕಾಡಿನ ಹುಲಿಗೆ ಇಂತಹ ಕೇಸರವಿಲ್ಲ. ಎದುರು ನಿಂತು ಕಾದುವುದೂ ಅದರ ರೀತಿಯಲ್ಲ; ಮೈಯ ಪಟ್ಟೆಗಳನ್ನೇ ಮರೆಮಾಡಿಕೊಂಡು ಹುಲ್ಲಿನಲ್ಲಿ ಹೊಂಚಿ, ಪಕ್ಕದಿಂದಲೋ ಹಿಂದಿನಿಂದಲೋ ಎರಗಿ, ಕೊರಳನ್ನು ಹಿಡಿಯುವುದು ಅದರ ಸ್ವಭಾವ.

ಶಿಲ್ಪಿಯು ಹುಲಿಯನ್ನು ಅರಿಯದವನೆಂಬ ಸಮಾಧಾನವು ನಮಗೆ ಒಪ್ಪಿಗೆಯಾಗದು. ಮಲೆನಾಡಿನ ಅಂಚಿನಲ್ಲಿದ್ದವರಿಗೆ ಹುಲಿ ಅಪರಿಚಿತವೆ? ಬಳಪದ ಕಲ್ಲಿನಲ್ಲಿ ಬಣ್ಣದ ಪಟ್ಟೆ ಮೂಡದೆಂಬುದು ದಿಟ. ಆದರೆ ಕೇಸರವನ್ನು ತೊಡಿಸೆಂದು ಕಲ್ಲು ಕೇಳಲಿಲ್ಲ. ಅವನು ಅನುಸರಿಸಿದುದು ಕಾಡನ್ನಲ್ಲ, ಕುಶಲಪರಂಪರೆಯ ಸಿಂಹವನ್ನು. ಶಿಲ್ಪಕ್ಕೊಪ್ಪುವಂತೆ ಕಥೆಯ ಹುಲಿಯನ್ನು ಸಿಂಹವೆಂದು ತಿದ್ದುವುದೂ, ಕಥೆಗೊಪ್ಪುವಂತೆ ಕಣ್ಣೆದುರಿನ ಕೇಸರವನ್ನು ಮರೆಯುವುದೂ ವಿಮರ್ಶೆಯಲ್ಲ. ಪಾಠ ಹೇಳುವಾಗ ನಾವು ಎರಡನೆಯ ತಪ್ಪನ್ನೇ ಹೆಚ್ಚಾಗಿ ಮಾಡುತ್ತೇವೆ.

1799ರಲ್ಲಿ ಶ್ರೀರಂಗಪಟ್ಟಣದಿಂದ ಇಂಗ್ಲೆಂಡಿಗೆ ಹೋಗಿ, ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವ ಟಿಪ್ಪುವಿನ ಮರದ ಹುಲಿಯನ್ನು ಇದರೊಡನೆ ಹೋಲಿಸಬಹುದು. ಅದು ಹೊಟ್ಟೆಯಲ್ಲಿ ವಾದ್ಯವನ್ನಿಟ್ಟುಕೊಂಡ ಕೀಲುಗೊಂಬೆ. ಅದರ ರೂಪವೂ ಒರಟೇ. ಶಿಲ್ಪಸೌಷ್ಠವದಲ್ಲಿ ಬೇಲೂರಿನ ಮುಂದೆ ಅದು ನಿಲ್ಲಲಾರದು. ಆದರೂ ಮೈತುಂಬ ಪಟ್ಟೆಯಿರುವುದು ಅದಕ್ಕೆ. ಬಾಯಿ ಇರುವುದು ಕೆಳಗೆ ಬಿದ್ದವನ ಕೊರಳ ಬಳಿ.